ಎಸ್ತರಮ್ಮ ಬಂದ ಗೌರಿ ಹಬ್ಬ

ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಎಂದು ಬ್ಯಾಂಕಿಗೆ ಹೋಗಿ ರುಜುವಾತು ಮಾಡಬೇಕು. ಕಣ್ಣೆದುರಿಗೆ ನಿಂತಿದ್ದರೆ ಸಾಲದು, ಪಿಂಚಣಿಯ ಫಾರಂ ತುಂಬಬೇಕು. ಈ ಸಲವೂ ತುಂಬಿ ಕೊಟ್ಟು, ಗೊಣಗಿಕೊಂಡು ಹಾಸನದ ಬೀದಿಯಲ್ಲಿ ಆಟೋ ಹುಡುಕುತ್ತಾ ಬರುವಾಗ ಒಂದು ಹಳೆಯ ತರಬೇತಿ ಕೇಂದ್ರದ ಗೇಟಿನ ಮುಂದೆ ನಿಂತುಬಿಟ್ಟೆ. ಒಳಗಿನ ಕ್ಯಾಂಟೀನಿನಲ್ಲಿ ಯಾರೋ ರಾಶಿ ಕಾಯಿ ತುರಿಯುತ್ತಿದ್ದರು. ಹಸಿ ಕಾಯಿತುರಿಯ ಆ ವಾಸನೆಗೆ ಎರಡು ಸಾವಿರದ ಐದನೇ ಇಸವಿಯ ಮಳೆಗಾಲ ಪೂರ್ತಿ ಎದ್ದು ಬಂತು. ಗೇಟಿಗೆ ಬ್ಯಾನರ್ ಕಟ್ಟಿದ್ದರು, ‘ವಿದೇಶಿ ಪ್ರತಿನಿಧಿಗಳಿಗೆ ಹಾರ್ದಿಕ ಸುಸ್ವಾಗತ’ ಅಂತ. ಯಾವ ದೇಶದವರು ಎಂದು ಬರೆದಿರಲಿಲ್ಲ. ಆ ವರ್ಷವೂ ಬರೆದಿರಲಿಲ್ಲ.

ನಾನಾಗ ಹಾಸನದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಮೇಡಂ. ಹುಟ್ಟಿದ್ದು ಹೊಳೆನರಸೀಪುರದಲ್ಲಿ, ದೇವಸ್ಥಾನದ ಬೀದಿಯಲ್ಲಿ. ಅಪ್ಪ ಸಂಸ್ಕೃತದ ಮೇಷ್ಟರು. ನಮ್ಮ ಮನೆಯಲ್ಲಿ ಪುಸ್ತಕ ಓದದವರನ್ನು ಕಂಡರೆ ಒಂದು ಬಗೆಯ ಕನಿಕರವಿತ್ತು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮುಖ ಇರುವುದಿಲ್ಲ.

ಆಗಸ್ಟ್ ಶುರುವಿನಲ್ಲಿ ಪ್ರಿನ್ಸಿಪಾಲರು ಕರೆದು, ದ್ವೀಪ ರಾಷ್ಟ್ರಗಳಿಂದ ಹತ್ತು ಜನ ತರಬೇತಿಗೆ ಬರುತ್ತಿದ್ದಾರೆ, ಆರು ವಾರ ನೀವು ದುಭಾಷಿಯಾಗಿ ಹೋಗಬೇಕು ಎಂದರು. ವಿಷಯ ತೆಂಗು ಬೆಳೆ ಮತ್ತು ಗ್ರಾಮೀಣ ಮಹಿಳೆ. ನನಗೆ ತೆಂಗಿನ ಬಗ್ಗೆ ಗೊತ್ತಿದ್ದದ್ದು ಚಟ್ನಿಯವರೆಗೆ. ಗ್ರಾಮೀಣ ಮಹಿಳೆಯ ಬಗ್ಗೆ ಅದಕ್ಕಿಂತ ಕಡಿಮೆ. ಹೀಗೆ ಹೇಳಿದ್ದಕ್ಕೆ ಅವರು ನಕ್ಕು, “ನಿಮಗೆ ಗೊತ್ತಿರಬೇಕಾಗಿಲ್ಲ ಮೇಡಂ, ಅವರು ಹೇಳಿದ್ದನ್ನ ಇವರಿಗೆ, ಇವರು ಹೇಳಿದ್ದನ್ನ ಅವರಿಗೆ ದಾಟಿಸಿದರೆ ಆಯಿತು” ಅಂದರು. ಅಷ್ಟು ಸುಲಭ ಎಂದು ನಾನೂ ನಂಬಿದೆ.

ಕೇಂದ್ರದ ಡೈರೆಕ್ಟರರು ಉತ್ಸಾಹದ ಮನುಷ್ಯ. ಉತ್ಸಾಹಿಗಳ ಜೊತೆ ಆರು ವಾರ ಕಳೆಯುವ ಶಿಕ್ಷೆ ಶತ್ರುವಿಗೂ ಬೇಡ. ಮೊದಲ ದಿನವೇ ಹತ್ತೂ ಜನಕ್ಕೆ ಮೈಸೂರು ಪೇಟ ತೊಡಿಸಿ, ಹಾರ ಹಾಕಿ, “ಫಿಜಿಯ ನಮ್ಮ ಸೋದರ ಸೋದರಿಯರೇ” ಎಂದು ಭಾಷಣ ಆರಂಭಿಸಿದರು. ಹತ್ತರಲ್ಲಿ ಫಿಜಿಯವರು ಇಬ್ಬರೇ. ಉಳಿದ ಎಂಟು ಮಂದಿ ಬೇರೆ ಬೇರೆ ದೇಶದವರು, ಅವರ ಊರುಗಳ ನಡುವೆ ಸಾವಿರಾರು ಮೈಲಿ ಸಮುದ್ರ. ನಾನು ಚೀಟಿ ಬರೆದು ಕೊಟ್ಟೆ. ಅವರು ಓದಿ ಜೇಬಿಗೆ ಹಾಕಿಕೊಂಡು, ಕೊನೆಯವರೆಗೂ ಎಲ್ಲರನ್ನೂ ಫಿಜಿಗೇ ಸೇರಿಸಿದರು.

ಮಾರನೆಯ ದಿನದ ಪಾಠ ‘ತೆಂಗಿನ ಉಪಯೋಗಗಳು’. ಗೋಡೆಯ ಮೇಲೆ ಒಂದು ಕಾಯಿಯ ಚಿತ್ರ ಮೂಡಿಸಿ, “ಇದು ತೆಂಗಿನಕಾಯಿ” ಎಂದರು. ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಬೇಕು. ತೆಂಗಿನ ಗರಿಯ ಚಾಪೆಯ ಮೇಲೆ ಹುಟ್ಟಿ, ಎಳನೀರು ಕುಡಿದು ಬೆಳೆದ ಹತ್ತು ಜನರ ಮುಂದೆ ನಿಂತು “ಇದು ತೆಂಗಿನಕಾಯಿ” ಎಂದೆ. ಮೀನಿನ ಮರಿಗೆ ಈಜು ಕಲಿಸುವುದು ಎಂಬ ಗಾದೆಯನ್ನು ಅದುವರೆಗೆ ಎಷ್ಟು ಸಲ ಆಡಿದ್ದೆನೋ, ಅವತ್ತು ಅನುಭವಿಸಿದೆ. ಮುಂದಿನ ಸಾಲಿನಲ್ಲಿ ದಪ್ಪ ಗುಂಗುರು ಕೂದಲಿನ, ನನ್ನ ವಯಸ್ಸಿನ ಒಬ್ಬ ಹೆಂಗಸು ಪುಸ್ತಕ ತೆರೆದು ಗಂಭೀರವಾಗಿ ಬರೆದುಕೊಂಡಳು. ಆಮೇಲೆ ಇಣುಕಿ ನೋಡಿದೆ. ‘ಇದು ತೆಂಗಿನಕಾಯಿ’ ಎಂದೇ ಬರೆದಿದ್ದಳು.

ಅವಳೇ ಎಸ್ತರ್. ಸೊಲೊಮನ್ ದ್ವೀಪಗಳವಳು, ಅಲ್ಲಿಯ ಕೃಷಿ ಇಲಾಖೆಯಲ್ಲಿ ಕೆಲಸ. ಮಾತು ಕಡಿಮೆ, ಗಮನ ಜಾಸ್ತಿ. ಡೈರೆಕ್ಟರರಿಗೆ ಒಂದು ಗೀಳಿತ್ತು. ಎಲ್ಲಿ ಕರೆದುಕೊಂಡು ಹೋದರೂ ‘ಸಾಂಸ್ಕೃತಿಕ ವಿನಿಮಯ’ ಆಗಬೇಕು. ಅಂದರೆ ನಮ್ಮ ಕಡೆಯಿಂದ ಕೋಲಾಟ, ಅವರ ಕಡೆಯಿಂದ ಕುಣಿತ. ಕೊಣನೂರಿನ ಸಂತೆ ತೋರಿಸಲು ಹೋದಾಗ ತರಕಾರಿ ಅಂಗಡಿಗಳ ನಡುವೆಯೇ ಕುಣಿಯಲು ಹೇಳಿದರು. ಎಸ್ತರ್ ನನ್ನ ಹತ್ತಿರ ಬಂದು ತಣ್ಣಗೆ ಕೇಳಿದಳು: “ನಿಮ್ಮ ಡೈರೆಕ್ಟರು ದೆಹಲಿಗೆ ಮೀಟಿಂಗಿಗೆ ಹೋದಾಗ ಕುಣಿಯುತ್ತಾರಾ?” ಇದನ್ನು ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ. ನಾನು, “ಕಾಲು ನೋವಂತೆ ಸಾರ್” ಎಂದೆ. ಹಾಗೆ ಶುರುವಾಯಿತು ನನ್ನ ದುಭಾಷಿತನ.

ಮೂರನೇ ವಾರದಿಂದ ಹಳ್ಳಿ ವಾಸ. ಒಬ್ಬೊಬ್ಬರನ್ನು ಒಂದೊಂದು ರೈತರ ಮನೆಗೆ ಬಿಟ್ಟರು. ಎಸ್ತರ್‌ಗೆ ಸಿಕ್ಕಿದ್ದು ದುದ್ದದ ಹತ್ತಿರದ ಒಂದು ಹಳ್ಳಿಯ ಕಾಳೇಗೌಡರ ಮನೆ. ಹೆಂಗಸು ಒಬ್ಬಳೇ ಇರಬಾರದೆಂದು ನನ್ನನ್ನೂ ಅಲ್ಲೇ ಉಳಿಸಿದರು. ಮೂರೂವರೆ ಎಕರೆ ತೆಂಗಿನ ತೋಟ, ಅದರಾಚೆ ರಾಗಿ ಹೊಲ, ಹಾಲು ಕರೆಯುವ ನಾಲ್ಕು ಹಸು. ಕಾಳೇಗೌಡರು ಐವತ್ತರ ಆಸುಪಾಸಿನವರು, ಮರ್ಯಾದಸ್ಥರು. ನಾನು ಎದುರಿಗೆ ಬಂದರೆ ಬೀಡಿ ಮರೆಮಾಡುವಷ್ಟು. ಗೌರಿ ಹಬ್ಬಕ್ಕೆಂದು ಚನ್ನರಾಯಪಟ್ಟಣದ ಕಡೆಗೆ ಮದುವೆಯಾಗಿ ಹೋಗಿದ್ದ ಅವರ ತಂಗಿ ಜಯಮ್ಮ ಬಂದಿದ್ದಳು. ಹಬ್ಬಕ್ಕಿನ್ನೂ ಎರಡು ವಾರ ಇತ್ತು. “ಈ ಸಲ ಬೇಗ್ನೆ ಬಾ ಅಂತ ಅಣ್ಣನೇ ಏಳ್ಕಳುಸ್ದ” ಎಂದು ಸಂಭ್ರಮದಲ್ಲಿದ್ದಳು.

ಮೊದಲ ದಿನ ಮಧ್ಯಾಹ್ನ ತೋಟ ತೋರಿಸಿದರು. ಜಿಟಿಜಿಟಿ ಮಳೆ. ಎಸ್ತರ್ ಬರಿಗಾಲಲ್ಲಿ ಮರದಿಂದ ಮರಕ್ಕೆ ಹೋಗಿ ಬುಡ ತಟ್ಟಿ, ತಲೆ ಎತ್ತಿ ಗೊನೆ ನೋಡಿದಳು. ಆಮೇಲೆ ಕಾಳೇಗೌಡರ ಮುಂದೆ ನಿಂತು, ಸ್ವಲ್ಪ ತಲೆ ಬಗ್ಗಿಸಿ ಉದ್ದಕ್ಕೆ ಏನೋ ಹೇಳಿದಳು. ಹೇಳಿದ್ದು ಇಷ್ಟು: ಅವಳ ದ್ವೀಪದಲ್ಲಿ ನೆಲ ತಾಯಿಯಿಂದ ಮಗಳಿಗೆ ಬರುತ್ತದೆ. ಹೊಸಬರು ಒಂದು ತೋಟಕ್ಕೆ ಕಾಲಿಟ್ಟರೆ, ಮೊದಲು ಆ ನೆಲ ಯಾರ ತಾಯಿಯದು ಎಂದು ಕೇಳಿ, ಆ ತಾಯಿಯ ಹೆಸರು ಹೇಳಿ ನಮಸ್ಕಾರ ಮಾಡಬೇಕು. ಹಾಗೆ ಮಾಡದಿದ್ದರೆ ಕಳ್ಳತನಕ್ಕೆ ಬಂದವರ ಲೆಕ್ಕ. ಆದ್ದರಿಂದ, “ಈ ತೋಟ ಯಾವ ತಾಯಿಯದು? ಈಗ ಅವರ ಮಗಳು ಯಾರು?”

ಆ ತಾಯಿಯ ಮಗಳು ಜಯಮ್ಮ ಪಕ್ಕದಲ್ಲೇ ನಿಂತಿದ್ದಳು, ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು.

“ಏನಂತಾರೆ ಮೇಡಂ?” ಎಂದರು ಕಾಳೇಗೌಡರು.

“ತೋಟ ಬಾಳ ಚೆನ್ನಾಗಿದೆ ಅಂತಾರೆ” ಎಂದೆ.

ಕಾಳೇಗೌಡರಿಗೆ ಸಂತೋಷವಾಯಿತು. ಎಳನೀರು ಕೆಡವಿಸಿದರು. ಎಸ್ತರ್ ಉತ್ತರಕ್ಕಾಗಿ ನನ್ನ ಮುಖ ನೋಡುತ್ತಿದ್ದಳು. ಅವಳಿಗೂ ಒಂದು ಸುಳ್ಳು ಹೇಳಿದೆ: “ಇವರ ತಾಯಿ ತೀರಿಕೊಂಡಿದ್ದಾರೆ.” ಅದು ನಿಜವೇ ಆಗಿತ್ತು ಅನ್ನಿ, ಆದರೆ ಅವಳು ಕೇಳಿದ್ದು ಅದನ್ನಲ್ಲ.

ಜಯಮ್ಮನಿಗೂ ಎಸ್ತರ್‌ಗೂ ಸ್ನೇಹವಾಗಲು ನಾನು ಬೇಕಾಗಲಿಲ್ಲ. ಸಂಜೆ ಅಡುಗೆಮನೆಯಲ್ಲಿ ಜಯಮ್ಮ ತುರಿಮಣೆ ಎಳೆದುಕೊಂಡು ಕೂತಿದ್ದಳು. ಎಸ್ತರ್ ಅದನ್ನು ನೋಡಿದ್ದೇ ಮೊದಲ ಸಲ ಬಾಯಿ ತುಂಬಾ ನಕ್ಕಳು. ಅವಳ ಮನೆಯಲ್ಲೂ ಇಂಥದ್ದೇ ಮಣೆ, ತುದಿಗೆ ಇಂಥದ್ದೇ ಹಲ್ಲಿನ ಕಬ್ಬಿಣವಂತೆ. ಜಯಮ್ಮನನ್ನು ಸರಿಸಿ ತಾನು ಕೂತು, ಎಂಟು ಹೋಳು ಕಾಯಿಯನ್ನು ಚಿಪ್ಪಿನ ಕಪ್ಪು ತಾಗದ ಹಾಗೆ ಬೆಳ್ಳಗೆ ತುರಿದು ಕೊಟ್ಟಳು. ಜಯಮ್ಮ ಮೂಗಿನ ಮೇಲೆ ಬೆರಳಿಟ್ಟು, “ಅಯ್ಯ, ನಮ್ ಅತ್ತೆಗೂ ಬರಾಕಿಲ್ಲ ಇಂಗೆ” ಅಂದಳು. ಕೆಸುವಿನ ಗೆಡ್ಡೆಯನ್ನು ಎಸ್ತರ್ ತೆಂಗಿನ ಹಾಲಿನಲ್ಲಿ ಬೇಯಿಸಿ ಬಡಿಸಿದಳು. ಆ ಮನೆಯ ಗಂಡಸರು ಮುದ್ದೆಯ ಜೊತೆ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟರು. ಹೆಂಗಸರು ತಳ ಕೆರೆದು ತಿಂದರು. ಅವತ್ತಿನಿಂದ ಅವಳು ಎಸ್ತರಮ್ಮ.

ಮೂರನೆಯ ದಿನ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಾ ಜಯಮ್ಮ ಕೇಳಿದಳು: “ಮೇಡಂ, ಅವತ್ತು ತ್ವಾಟದಾಗೆ ಎಸ್ತರಮ್ಮ ಅಷ್ಟುದ್ದ ಮಾತಾಡುದ್ರು. ನೀವು ಇಷ್ಟೇ ಇಷ್ಟು ಏಳುದ್ರಿ. ಮಿಕ್ಕಿದ್ದು ಎಲ್ಲೋಯ್ತು?”

ಕಾಲೇಜಿನಲ್ಲಿ ನನ್ನ ಪಾಠವನ್ನು ಯಾರೂ ಇಷ್ಟು ಗಮನವಿಟ್ಟು ಕೇಳಿರಲಿಲ್ಲ. ಸಿಕ್ಕಿಬಿದ್ದ ಸಿಟ್ಟಿನಲ್ಲಿ ಪೂರ್ತಿ ಹೇಳಿದೆ. ಅವಳು ಬೂದಿ ಕೈಯನ್ನು ಹಾಗೇ ಹಿಡಿದು ಕೇಳಿಸಿಕೊಂಡಳು.

“ಅವ್ವಂದಾ ಅಂತ ಕೇಳುದ್ರಾ?” ಎಂದಳು. ಕೈ ತೊಳೆದುಕೊಂಡು, “ಬಾವಿ ಪಕ್ಕದ ಸಾಲೈತಲ್ಲ, ಅದುಕ್ಕೆ ನಾನು ನಮ್ಮವ್ವ ನೀರು ಒತ್ತಿದ್ದು. ಪಂಪು ಇರ್ಲಿಲ್ಲ ಆಗ. ನಾನು ಏಳ್ನೇ ಕ್ಲಾಸು ಬುಟ್ಟಿದ್ದೇ ಆ ನೀರಿಗೆ” ಎಂದಳು. ದೂರುವ ದನಿಯಲ್ಲಿ ಹೇಳಲಿಲ್ಲ.

ತಿಂಗಳಿನಿಂದ ಬರುತ್ತದೆ ಬರುತ್ತದೆ ಎನ್ನುತ್ತಿದ್ದ ಸುದ್ದಿ ಆ ವಾರವೇ ಪೇಪರಿನಲ್ಲಿ ಬಂತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಎಂದು ಪಾರ್ಲಿಮೆಂಟಿನಲ್ಲಿ ಕಾನೂನು ಪಾಸಾಗಿತ್ತು. ಹಳ್ಳಿಯ ಜಗಲಿಗಳ ಮೇಲೆ ಅದೇ ಮಾತು. ಕಾನೂನು ಬಂದದ್ದು ಹೆಣ್ಣುಮಕ್ಕಳಿಗೆ. ಪೇಪರು ಓದಿ ಎಚ್ಚೆತ್ತವರು ಅಣ್ಣತಮ್ಮಂದಿರು. ಕಾಳೇಗೌಡರ ತಂದೆ ಹೋಗಿ ಎರಡು ವರ್ಷವಾಗಿತ್ತು, ಖಾತೆ ಇನ್ನೂ ಮುದುಕರ ಹೆಸರಿನಲ್ಲೇ ಇತ್ತು. ತಂಗಿಯನ್ನು ಹಬ್ಬಕ್ಕೆ ಬೇಗ ಕರೆಸಿಕೊಂಡದ್ದು ಏಕೆಂದು ನನಗೆ ಆಗ ತಿಳಿಯಿತು.

ಕಾಳೇಗೌಡರನ್ನು ಕೆಟ್ಟವರೆಂದು ಬರೆಯಲಾರೆ. ಬರೆಯುವಂತಿದ್ದರೆ ಈ ನೆನಪು ಇಷ್ಟು ಕಿರಿಕಿರಿ ಮಾಡುತ್ತಿರಲಿಲ್ಲ. ತಂಗಿಯ ಬಾಣಂತನ ಎರಡನ್ನೂ ತವರಿನಲ್ಲೇ ಮಾಡಿಸಿದವರು. ಅವಳ ಗಂಡ ಮಲಗಿದಾಗ ಆಸ್ಪತ್ರೆಯಲ್ಲಿ ಕೂತವರು. “ಕೊಟ್ಟ ಹೆಣ್ಣು ಕುಲಕ್ಕೆ ಒರಗು ಅಂತಾರೆ ಮೇಡಂ, ನಾನು ಅಂಗೆ ನೋಡಿಲ್ಲ” ಎಂದರು. “ಹಬ್ಬ ಆದ್ಮೇಲೆ ಒಂದು ರಿಜಿಸ್ಟ್ರು ಐತೆ ಹಾಸನದಾಗೆ. ಹಕ್ಕು ಬಿಡುಗಡೆ ಪತ್ರ. ನೀವು ಓದ್ದೋರು, ದೊಡ್ಡೋರು. ಒಂದು ಸಾಕ್ಷಿ ಸೈನು ಹಾಕ್ಬುಡಿ.”

ಒಂದು ವಾರದಿಂದ ಅವರ ಮನೆ ಅನ್ನ ಉಣ್ಣುತ್ತಿದ್ದೆ. ಆಗಲಿ ಎಂದೆ.

ಜಯಮ್ಮ ಬಾಯಿಬಿಟ್ಟು ನನ್ನನ್ನೇ ಕೇಳಿದಳು: “ಹಾಕ್ಲಾ ಮೇಡಂ?”

“ಎಲ್ಲರೂ ಹಾಕ್ತಾರೆ ಜಯಮ್ಮ. ನಾನೂ ನಮ್ಮಣ್ಣನಿಗೆ ಮಾಡಿಕೊಟ್ಟಿದ್ದೀನಿ, ಒಂಬತ್ತು ವರ್ಷ ಆಯ್ತು. ತವರು ಚೆನ್ನಾಗಿರಬೇಕಲ್ಲ” ಎಂದೆ. ಹೇಳುವಾಗ ಧಾರಾಳತನದ ಒಂದು ಸುಖವೂ ಇತ್ತು ನನ್ನ ದನಿಯಲ್ಲಿ. ಈಗ ನೆನೆಸಿಕೊಂಡರೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ.

“ಅದೂ ನಿಜ. ಬಾಗ್ನ ಯಾರು ತಂದ್ಕೊಡ್ತಾರೆ ಆಮೇಲೆ” ಎಂದಳು ಜಯಮ್ಮ.

ಹಬ್ಬಕ್ಕೆ ಮುಂಚಿನ ಭಾನುವಾರ ಡೈರೆಕ್ಟರರು ಎಲ್ಲರನ್ನೂ ಮಳೆಗಾಲದಲ್ಲಿ ನೀರಿನಲ್ಲಿ ಮುಳುಗುವ ಶೆಟ್ಟಿಹಳ್ಳಿಯ ಹಳೆಯ ಚರ್ಚಿಗೆ ಕರೆದುಕೊಂಡು ಹೋದರು. ಎಸ್ತರ್ ಹಟ ಹಿಡಿದು ಜಯಮ್ಮನನ್ನೂ ಬಸ್ಸಿಗೆ ಹತ್ತಿಸಿದಳು. ಹುಟ್ಟಿದಾಗಿನಿಂದ ಇದೇ ಜಿಲ್ಲೆಯಲ್ಲಿದ್ದ ಜಯಮ್ಮನೂ ಆ ಚರ್ಚು ನೋಡಿರಲಿಲ್ಲ. ಆ ವರ್ಷ ಒಳ್ಳೆಯ ಮಳೆ. ಹೇಮಾವತಿಯ ಹಿನ್ನೀರು ಗೋಡೆಗಳ ಅರ್ಧಕ್ಕೆ ನಿಂತಿತ್ತು. ಡೈರೆಕ್ಟರರು ಇಲ್ಲಿ ಒಂದು ಗ್ರೂಪ್ ಫೋಟೊ, ಆಮೇಲೆ ಒಂದು ಕುಣಿತ ಎಂದು ಘೋಷಿಸಿದರು. ಹತ್ತು ಜನರಲ್ಲಿ ಒಬ್ಬರೂ ಅಲ್ಲಾಡಲಿಲ್ಲ. ಮಾಡು ಹೋದ ಚರ್ಚನ್ನು ನೋಡುತ್ತಾ ಸಮುದ್ರದ ನಡುವಿನ ಜನ ಸುಮ್ಮನೆ ನಿಂತುಬಿಟ್ಟರು. ಒಬ್ಬರು ಟೋಪಿ ತೆಗೆದರು. “ಮಳೇಲಿ ಯಾಕೆ ಟೋಪಿ ತೆಗೀತಾರೆ ಇವರು” ಎಂದು ಡೈರೆಕ್ಟರರು ನನ್ನನ್ನು ಕೇಳಿದರು.

ದಂಡೆಯ ಒಂದು ಕಲ್ಲಿನ ಮೇಲೆ ನಾವು ಮೂವರು ಕೊಡೆ ಹಿಡಿದು ಕೂತೆವು. ಇಲ್ಲಿದ್ದ ಊರಿನ ಜನ ಎಲ್ಲಿ ಹೋದರು ಎಂದು ಎಸ್ತರ್ ಕೇಳಿದಳು. ಅಣೆಕಟ್ಟು ಬಂತು, ಬೇರೆ ಕಡೆ ಜಾಗ ಕೊಟ್ಟರು ಎಂದೆ. “ಕಾಗದಕ್ಕೆ ಸಹಿ ಹಾಕಿದ್ದು ಯಾರು?” ಎಂದಳು. ನನಗೆ ಗೊತ್ತಿರಲಿಲ್ಲ. ಆಗ ಅವಳು ತನ್ನ ತಾಯಿಯ ಗುಡ್ಡದ ಕಥೆ ಹೇಳಿದಳು.

ಗುಡ್ಡ ತಾಯಿಯದು, ಅಜ್ಜಿಯಿಂದ ಬಂದದ್ದು. ಆದರೆ ಅವರಲ್ಲಿ ಸಭೆಯಲ್ಲಿ ಮಾತಾಡುವುದು ಗಂಡಸರು. ತಾಯಿಯ ಪರವಾಗಿ ಅವಳ ತಮ್ಮ, ಅಂದರೆ ಎಸ್ತರ್‌ಳ ಸೋದರಮಾವ. ಮರ ಕಡಿಯುವ ಪರದೇಶದ ಕಂಪನಿಯವರು ಬಂದು ಮಾವನ ಜೊತೆ ಮಾತಾಡಿದರು. ಶಾಲೆ ಕಟ್ಟಿಸಿಕೊಡುತ್ತಾರೆ, ಅದಕ್ಕೊಂದು ಕಾಗದ ಎಂದು ಮಾವ ಅಕ್ಕನ ಮುಂದೆ ಹಾಳೆ ಹಿಡಿದ. ತಾಯಿ ಒಂದು ಗೀಟು ಎಳೆದಳು. ಮೂರು ವರ್ಷದಲ್ಲಿ ಗುಡ್ಡ ಬೋಳಾಯಿತು, ಹೊಳೆಯಲ್ಲಿ ಕೆಸರು ತುಂಬಿತು, ಕೆಸುವಿನ ಗದ್ದೆ ಕೊಚ್ಚಿಹೋಯಿತು. ಶಾಲೆ ಬರಲಿಲ್ಲ. “ಮಾವ ಕೆಟ್ಟವನಲ್ಲ, ಅವನೂ ಆ ಕಾಗದ ಓದಿರಲಿಲ್ಲ. ನಾನು ಅಲ್ಲೇ ಇದ್ದೆ. ನನಗೆ ಇಂಗ್ಲಿಷ್ ಬರುತ್ತಿತ್ತು. ಅಮ್ಮ ನನ್ನನ್ನು ಓದು ಅನ್ನಲಿಲ್ಲ, ನಾನಾಗಿ ಓದುತ್ತೇನೆ ಅನ್ನಲಿಲ್ಲ. ಹಿರಿಯರ ಮುಂದೆ ಕೈಯಿಂದ ಕಾಗದ ಕಿತ್ತುಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ” ಎಂದಳು.

ಈ ಸಲ ಒಂದು ಮಾತೂ ಬಿಡದೆ ದಾಟಿಸಿದೆ. ಜಯಮ್ಮ ಎಸ್ತರ್‌ಳ ಕೈಯನ್ನು ತನ್ನ ಸೆರಗಿನಲ್ಲಿ ಒರೆಸಿದಳು, ಮಳೆಯಲ್ಲಿ ಒದ್ದೆಯಾಗಿತ್ತು ಅಂತ.

ಗೌರಿ ಹಬ್ಬ ಚೆನ್ನಾಗಿ ಆಯಿತು. ಕಾಳೇಗೌಡರು ಮೊರದ ಬಾಗಿನ ಕೊಟ್ಟರು. ಅರಿಶಿನ, ಕುಂಕುಮ, ಬಳೆ, ತಾಳೆಗರಿಯ ಬಿಚ್ಚೋಲೆ, ಬೇಳೆ, ಬೆಲ್ಲ, ಕಾಯಿ, ಜೊತೆಗೆ ಈ ವರ್ಷ ರವಿಕೆ ಕಣದ ಬದಲು ರೇಷ್ಮೆ ಸೀರೆ. ಸೀರೆ ನೋಡಿ ಜಯಮ್ಮ ಹಿಗ್ಗಿದಳು. ಎಸ್ತರ್‌ಗೂ ಒಂದು ಬಾಗಿನ. ಅವಳು ಎರಡೂ ಕೈಯಲ್ಲಿ ಮೊರ ಹಿಡಿದು, “ಇದು ಯಾತಕ್ಕೆ?” ಎಂದಳು. ತವರಿನವರು ಮಗಳನ್ನು ಮರೆತಿಲ್ಲ ಎನ್ನುವುದಕ್ಕೆ ಎಂದು ವಿವರಿಸಿದೆ. ಎಸ್ತರ್ ತುಂಬ ಮೆಚ್ಚಿಕೊಂಡಳು. ನನಗೂ ಆ ಹೊತ್ತಿಗೆ ಮೆಚ್ಚುಗೆಯೇ ಆಯಿತು, ಸುಳ್ಳೇಕೆ ಹೇಳಲಿ.

ರಿಜಿಸ್ಟ್ರಿಯ ದಿನ ಎಸ್ತರ್ ನಮ್ಮ ಜೊತೆ ಇರಲಿಲ್ಲ. ಸಮಾರೋಪಕ್ಕೆ ಕುಣಿತದ ತಾಲೀಮು ಇದೆಯೆಂದು ಡೈರೆಕ್ಟರರು ಜೀಪು ಕಳಿಸಿ ಅವಳನ್ನು ಕೇಂದ್ರಕ್ಕೆ ಎಳೆಸಿಕೊಂಡಿದ್ದರು. ಹಾಸನದ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೆಂಚುಗಳ ತುಂಬ ಹೊಸ ಸೀರೆಯ ಹೆಂಗಸರು, ಮಡಿಕೆ ಮಾಸದ ಸೀರೆಗಳು. ಹಬ್ಬ ಮುಗಿದು ಮೂರು ದಿನವಾಗಿತ್ತು. ಜಿಲ್ಲೆಯ ಅಣ್ಣಂದಿರೆಲ್ಲ ಒಟ್ಟಿಗೆ ಮಾತಾಡಿಕೊಂಡು ಬಂದಂತಿತ್ತು.

ಪತ್ರ ಬರೆಯುವವನು ಹಾಳೆಗಳನ್ನು ಜಯಮ್ಮನ ಮುಂದೆ ಹರಡಿ, “ಇಲ್ಲಿ, ಇಲ್ಲಿ, ಇಲ್ಲಿ” ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದ. ಜಯಮ್ಮ ಪೆನ್ನು ತೆಗೆದುಕೊಳ್ಳಲಿಲ್ಲ. ಹಾಳೆಗಳನ್ನು ಒಟ್ಟು ಮಾಡಿ ನನ್ನ ಕೈಗೆ ಕೊಟ್ಟಳು.

“ಓದಿ ಮೇಡಂ.”

“ಇವೆಲ್ಲಾ ಮಾಮೂಲಿ ಕಣಮ್ಮ, ಯಾರೂ ಓದ್ಸಲ್ಲ. ಹಿಂದೆ ಜನ ಅವ್ರೆ” ಎಂದ ಪತ್ರದವನು.

“ಅವ್ರು ಓದ್ಲಿ ಬುಡಪ್ಪ. ನನ್ಗೆ ಕನ್ನಡ್ಕ ಇಲ್ಲ.”

ನಾನು ಕಾಳೇಗೌಡರ ಮುಖ ನೋಡಿದೆ. ಅವರು ಬಾಗಿಲ ಕಡೆ ನೋಡುತ್ತಿದ್ದರು. ಓದಲು ಶುರು ಮಾಡಿದೆ. ಆ ಗದ್ದಲದಲ್ಲಿ ಗಟ್ಟಿಯಾಗಿ ಓದಬೇಕಾಯಿತು. ‘ನಾನು ನನ್ನ ಸ್ವಸಂತೋಷದಿಂದ, ಯಾರ ಒತ್ತಾಯ ಪ್ರಚೋದನೆಗಳೂ ಇಲ್ಲದೆ, ಅರಿಶಿನ ಕುಂಕುಮ ಪಡೆದು, ನನಗೂ ನನ್ನ ಮಕ್ಕಳು ಮರಿಮಕ್ಕಳಿಗೂ ಇನ್ನು ಮುಂದೆ ಯಾವ ಹಕ್ಕೂ ಇಲ್ಲವೆಂದು’ ಎಂಬಲ್ಲಿಗೆ ಬಂದಾಗ ಪಕ್ಕದ ಬೆಂಚಿನ ಹೆಂಗಸರು ಮಾತು ನಿಲ್ಲಿಸಿದ್ದರು. ಆಮೇಲೆ ಚಕ್ಕುಬಂದಿ ಬಂತು. ಪೂರ್ವಕ್ಕೆ ದಾಯಾದಿಗಳ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಗಾಡಿ ದಾರಿ, ದಕ್ಷಿಣಕ್ಕೆ ಬಾವಿ, ಬಾವಿಯನ್ನೊಳಗೊಂಡು ಹದಿನಾಲ್ಕು ತೆಂಗಿನ ಮರ.

“ನಿಲ್ಸಿ” ಎಂದಳು ಜಯಮ್ಮ. ಅಣ್ಣನ ಕಡೆ ತಿರುಗಿದಳು. “ಅಣ್ಣ, ಮಿಕ್ಕಿದ್ದೆಲ್ಲಾ ಬರ್ಕೊ. ಬಾವಿ ಸಾಲು ಬ್ಯಾಡ. ಅದುಕ್ಕೆ ನಾನು ನೀರು ಒತ್ತಿವ್ನಿ.”

“ಅಂಗೆಲ್ಲಾ ತುಂಡು ಮಾಡಿ ಬರಿಯಾಕಾಗಲ್ಲ ಕಣಮ್ಮಿ.”

“ಅಂಗಾರೆ ನಾನೂ ಹಾಕಾಕಾಗಲ್ಲ.”

“ಲೇ ಜಯಮ್ಮ, ಇಷ್ಟು ಜನದ ಮುಂದೆ ನನ್ ಮಾನ ಕಳೀತೀಯಾ?”

“ನಾನೇನು ಅರ್ಧ ಕೇಳಿದ್ನಾ? ಹದ್ನಾಲ್ಕು ಮರ ಕಣಣ್ಣ. ಅವ್ವನ ಕೈ ನೀರು.”

ಕಾಳೇಗೌಡರು ಹಾಳೆ ಕಿತ್ತುಕೊಂಡು ಮಡಿಚಿ ಜೇಬಿಗೆ ಹಾಕಿದರು. ನನ್ನ ಕಡೆ ನೋಡಿದ ನೋಟದಲ್ಲಿ ಎರಡು ವಾರದ ಅನ್ನದ ಋಣ ಪೂರ್ತಿ ಇತ್ತು. “ಓದ್ದೋರನ್ನ ಸಾಕ್ಷಿಗೆ ಕರ್ದಿದ್ದು ನಂದೇ ತಪ್ಪು” ಎಂದು ಹೇಳಿ, ಮೋಟಾರ್ ಬೈಕು ಹತ್ತಿ ಹೊರಟೇಬಿಟ್ಟರು. ತಂಗಿಯನ್ನು ಹಿಂದೆ ಕೂರಿಸಿಕೊಂಡು ಬಂದಿದ್ದವರು.

ನಾವಿಬ್ಬರೂ ದುದ್ದದ ಬಸ್ಸು ಹತ್ತಿದೆವು. ನನಗೆ ಎಲ್ಲರ ಮೇಲೂ ರೇಗುತ್ತಿತ್ತು. ಕಾಳೇಗೌಡರ ಮೇಲೆ, ಹದಿನಾಲ್ಕು ಮರಕ್ಕೆ ತವರನ್ನೇ ಒಡ್ಡಿದ ಜಯಮ್ಮನ ಮೇಲೆ, ಎಲ್ಲಿಂದಲೋ ಬಂದು ‘ಯಾವ ತಾಯಿಯದು’ ಎಂದು ಕೇಳಿದ ಎಸ್ತರ್ ಮೇಲೆ. ಸಮಾಧಾನಕ್ಕೆ ಏನಾದರೂ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಜಯಮ್ಮನೇ ಕೇಳಿದಳು.

“ನಿಮ್ದು ಯಾರು ಓದಿ ಏಳುದ್ರು ಮೇಡಂ?”

“ಯಾವುದು?”

“ನಿಮ್ಮಣ್ಣಂಗೆ ಮಾಡ್ಕೊಟ್ರಲ್ಲ, ಪತ್ರ.”

“ಯಾರೂ ಓದಲಿಲ್ಲ.”

“ನೀವೇ ಓದ್ಕಂಡ್ರಾ?”

“ಇಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ನಮ್ಮ ಮನೆಯಲ್ಲಿ ಓದದವರನ್ನು ಕಂಡಾಗ ನಾವು ನೋಡುತ್ತಿದ್ದ ನೋಟ ಅದು.

ಸಮಾರೋಪದಲ್ಲಿ ಎಸ್ತರ್ ಕುಣಿಯಲಿಲ್ಲ. ನಿಜವಾಗಿಯೂ ಕಾಲು ನೋವು ಎಂದು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಪ್ರಮಾಣಪತ್ರದಲ್ಲಿ ಅವಳ ದೇಶದ ಹೆಸರು ತಪ್ಪಾಗಿತ್ತು, ಯಾವುದೆಂದು ಹೇಳಬೇಕಾಗಿಲ್ಲ. ಗೌರಿ ಹಬ್ಬದ ಮೊರವನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಬಸ್ಸು ಹತ್ತಿದಳು. ಒಂದೆರಡು ಕಾಗದ ಬಂದವು, ಆಮೇಲೆ ನಾನೇ ಸೋಮಾರಿಯಾದೆ. ಜಯಮ್ಮನಿಗೆ ಎರಡು ವರ್ಷ ಬಾಗಿನ ಬರಲಿಲ್ಲ. ಆ ಎರಡು ಹಬ್ಬಕ್ಕೂ ಅವಳು ಫೋನು ಮಾಡಿ ಅತ್ತಳು, ಅಳುತ್ತಲೇ “ಹಾಕಾಕಿಲ್ಲ” ಎಂದಳು. ಮೂರನೇ ವರ್ಷ ಕಾಳೇಗೌಡರು ಮೊರ ಹೊತ್ತು ತಾವೇ ಹೋದರಂತೆ. ಊಟ ಮಾಡಿದರಂತೆ, ಮರದ ಮಾತು ಎತ್ತಲಿಲ್ಲವಂತೆ. ಅದು ಇವತ್ತಿಗೂ ಬಗೆಹರಿದಿಲ್ಲ.

ನಾನು ಮಾತ್ರ ಆ ಬಸ್ಸಿನ ಮಾರನೆಯ ವಾರವೇ ಹೊಳೆನರಸೀಪುರಕ್ಕೆ ಹೋದೆ. ಅಣ್ಣ ಬ್ಯಾಂಕಿನಲ್ಲಿದ್ದವನು, ಕಾಗದ ಪತ್ರಗಳನ್ನೆಲ್ಲ ಒಪ್ಪವಾಗಿ ಇಟ್ಟಿರುತ್ತಾನೆ. ನನ್ನ ಪತ್ರದ ಪ್ರತಿ ಬೇಕು ಎಂದೆ. “ಏನೇ ವತ್ಸಲಾ, ಈಗ್ಯಾಕೆ ಅದು?” ಎಂದ. ಸುಮ್ಮನೆ ನೋಡೋಕೆ ಎಂದೆ. ತಂದು ಕೊಟ್ಟ. ನಾಲ್ಕು ಹಾಳೆ. ನಾಲ್ಕಕ್ಕೂ ನನ್ನ ಇಂಗ್ಲಿಷ್ ಸಹಿ, ಕೆಳಗೆ ಗೆರೆ ಎಳೆದು, ಚುಕ್ಕಿ ಇಟ್ಟು.

ಹಜಾರದಲ್ಲಿ ಕೂತು ಮೊದಲ ಸಲ ಓದಿದೆ. ನಾವಿದ್ದ ಮನೆ ಇತ್ತು, ಅದು ಗೊತ್ತಿದ್ದದ್ದೇ. ಹೊಳೆಯ ಆಚೆಯ ಗದ್ದೆ ಇತ್ತು. ಮೂರನೆಯ ಹಾಳೆಯಲ್ಲಿ ಅರಕಲಗೂಡಿನ ಕೋಟೆ ಬೀದಿಯ ಮನೆ ಇತ್ತು. ಅದು ನನ್ನ ಅಜ್ಜಿಯ ಮನೆ, ಅಮ್ಮನ ಅಮ್ಮನದು. ಬೇಸಿಗೆ ರಜೆಗಳನ್ನೆಲ್ಲ ಅಲ್ಲಿ ಕಳೆದಿದ್ದೆ. ಅಜ್ಜಿ ಹೋದ ಮೇಲೆ ಅದು ಯಾರೋ ದಾಯಾದಿಗಳಿಗೆ ಹೋಯಿತೆಂದು ನಾನೇ ಅಂದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ. ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಅಜ್ಜಿ ಅದನ್ನು ತನ್ನ ಒಬ್ಬಳೇ ಮಗಳಿಗೆ, ಮಗಳ ಹೆಸರಿನಲ್ಲೇ ದಾನವಾಗಿ ಕೊಟ್ಟಿದ್ದಳು. ಅಮ್ಮ ಹೋದ ಮೇಲೆ ಅದರಲ್ಲಿ ನನಗಿದ್ದ ಭಾಗವನ್ನು ನಾನು ಸ್ವಸಂತೋಷದಿಂದ ಬಿಟ್ಟಿದ್ದೆ. ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಹಿತ್ತಿಲು, ಹಿತ್ತಿಲಲ್ಲಿ ಒಂದು ನೆಲ್ಲಿ ಮರ.

“ಅರಕಲಗೂಡಿನ ಮನೆ ಅಮ್ಮಂದಾ?” ಎಂದೆ.

“ಹೌದು. ನಿಂಗೆ ಗೊತ್ತಿರಲಿಲ್ವಾ?” ಅಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. “ಮಾರಿ ಆಯ್ತಲ್ಲೇ, ಎಷ್ಟೋ ವರ್ಷ ಆಯ್ತು. ಪತ್ರದಲ್ಲೇ ಇತ್ತಲ್ಲ. ನೀನು ಓದ್ಲಿಲ್ವಾ?”

ಸಹಿ ಹಾಕಿದ ದಿನ ಕಚೇರಿಯಿಂದ ನೇರ ಹೋಟೆಲಿಗೆ ಹೋಗಿದ್ದೆವು, ಅಣ್ಣ ಮಸಾಲೆ ದೋಸೆ ಕೊಡಿಸಿದ್ದ, ಅತ್ತಿಗೆ ನನಗೆಂದು ಆರಿಸಿದ್ದ ಸೀರೆಯ ಅಂಚು ಎಷ್ಟು ಚೆನ್ನಾಗಿದೆ ಎಂದು ಮೂವರೂ ಮಾತಾಡಿದ್ದೆವು. ನೆನಪಿರುವುದು ಅಷ್ಟೇ.

“ಓದಿದ್ರೆ ಸಹಿ ಹಾಕ್ತಿರಲಿಲ್ವಾ ನೀನು?” ಎಂದ ಅಣ್ಣ. ಜಗಳಕ್ಕಲ್ಲ, ತಿಳಿಯುವುದಕ್ಕೇ ಕೇಳಿದ.

ಹಾಕುತ್ತಿರಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಹಾಕುತ್ತಿದ್ದೆ. ಪೂರ್ತಿ ಓದಿ, ಒಂದೆರಡು ಕಾಗುಣಿತ ತಿದ್ದಿ, ಅಣ್ಣನಿಗೆ ಬೇಜಾರಾಗಬಾರದಲ್ಲ ಎಂದು ನಗುನಗುತ್ತಲೇ ಹಾಕುತ್ತಿದ್ದೆ. ಅದು ಅವನಿಗೂ ಗೊತ್ತಿತ್ತು. ಹಾಳೆಗಳನ್ನು ಮಡಿಚಿ ಕೊಟ್ಟೆ. ಅತ್ತಿಗೆ ಕಾಫಿ ತಂದರು, ಕುಡಿದು ಐದರ ಬಸ್ಸಿಗೆ ಹಾಸನಕ್ಕೆ ಬಂದೆ.